ಬಾಯಿಪಾಠ ಒಪ್ಪಿಸಿದರೆ ಭಾಷಣ ಆಯ್ತಾ?

ಮಾನ್ಯ ಸಂಪಾದಕರೇ,

ರಾಜ್ಯೋತ್ಸವ ಹತ್ತಿರ ಬಂತೆಂದರೆ ಮಾಟುಂಗದಿಂದ ಡೊಂಬಿವಲಿವರೆಗೆ ಮುಂಬಯಿಯ ನಮ್ಮ ಕನ್ನಡ ಸಂಘಗಳಲ್ಲಿ ಮಕ್ಕಳಿಗೆ ಕನ್ನಡ ಭಾಷಣ ಸ್ಪರ್ಧೆ ಇದ್ದೇ ಇರುತ್ತದೆ. ಒಳ್ಳೆಯ ಕೆಲಸ, ನಿಲ್ಲಬಾರದು. ಆದರೆ ನಡೆಸುವ ರೀತಿ ಬದಲಾಗಲೇಬೇಕು.

ಈಗ ನಡೆಯುತ್ತಿರುವುದೇನು? ವಿಷಯ ಮೊದಲೇ ಗೊತ್ತಿರುತ್ತದೆ. ಬರೆದುಕೊಡುವವರು ಅಪ್ಪ ಅಥವಾ ಅಮ್ಮ. ಕನ್ನಡ ಓದಲು ಬಾರದ ಮಗು ಅದನ್ನು ದೇವನಾಗರಿಯಲ್ಲಿ ಬರೆದುಕೊಂಡು ಉರು ಹೊಡೆಯುತ್ತದೆ. ಕಳೆದ ಸಲ ಒಂದು ಕಡೆ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಜೋರಾಗಿ ಶುರು ಮಾಡಿ ನಾಲ್ಕನೇ ವಾಕ್ಯಕ್ಕೆ ನಿಂತುಬಿಟ್ಟಳು. ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ತುಟಿ ಆಡಿಸಿ ಹೇಳಿಕೊಡುತ್ತಿದ್ದರು, ಮಗು ಎರಡೂ ಕೈಯಲ್ಲಿ ಮೈಕ್ ಹಿಡಿದು ಆ ತುಟಿಯನ್ನೇ ನೋಡುತ್ತಿತ್ತು. ಹಿಂದೆ ಯಾರೋ ನಕ್ಕರು. ಅದೇ ಹುಡುಗಿ ಊಟದ ಹೊತ್ತಿಗೆ, ಲೋಕಲ್ ಹತ್ತುವಾಗ ಅಜ್ಜಿಯ ಚಪ್ಪಲಿ ಹಳಿಗೆ ಬಿದ್ದ ಕತೆಯನ್ನು ಅರ್ಧ ತುಳು ಅರ್ಧ ಕನ್ನಡದಲ್ಲಿ ಕೈಬಾಯಿ ತಿರುಗಿಸಿ ಹೇಳುತ್ತಿದ್ದಳು, ಸುತ್ತ ಇದ್ದವರು ತಟ್ಟೆ ಮರೆತು ಕೇಳುತ್ತಿದ್ದರು. ಇವಳಿಗೆ ಮಾತು ಬರಲ್ಲ ಅಂತ ಹೇಳೋಕಾಗುತ್ತಾ?

ವೇದಿಕೆ ಹತ್ತಿದಾಗ ಎದೆ ಡವಡವ ಅನ್ನುವುದು, ಬಾಯಿ ಒಣಗುವುದು, ಕೈ ನಡುಗುವುದು ಯಾರಿಗೂ ತಪ್ಪಿದ್ದಲ್ಲ. ಅದು ಅಡ್ರಿನಲಿನ್ ಎಂಬ ಹಾರ್ಮೋನು ಮಾಡುವ ಕೆಲಸ. ಹಾರ್ವರ್ಡ್‌ನ ಸಂಶೋಧಕಿ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 'ನಾನು ಶಾಂತವಾಗಿದ್ದೇನೆ' ಎಂದುಕೊಂಡವರಿಗಿಂತ 'ನನಗೆ ಹುರುಪು ಬಂದಿದೆ' ಎಂದುಕೊಂಡವರು ಚೆನ್ನಾಗಿ ಮಾತಾಡಿದ್ದರು. ನಾವು ಮಕ್ಕಳಿಗೆ ಹೇಳುವುದೇನು? 'ಹೆದರಬೇಡ, ಒಂದಕ್ಷರ ತಪ್ಪಬೇಡ.' ಹೆದರಿಸುವುದೇ ಈ ಎರಡನೇ ಮಾತು. ಶಾಲೆಯಲ್ಲಿ ಇಂಗ್ಲಿಷು, ಮರಾಠಿ, ಕೆಳಗೆ ಆಡುವಾಗ ಹಿಂದಿ, ಇಷ್ಟರ ನಡುವೆ ಕನ್ನಡ ಉಳಿಸಿಕೊಂಡ ಮಗು ಹಕಾರ ಬಿಟ್ಟರೆ ನಗುವವರಿಗೆ ಏನು ಹೇಳೋಣ! ಒಂದು ಸಲ ನಗೆಪಾಟಲಾದ ಮಗು ಮತ್ತೆ ಕನ್ನಡದ ಮೈಕ್ ಹತ್ತಿರ ಬರಲು ಹಿಂಜರಿಯುತ್ತದೆ.

ಬಾಯಿಪಾಠ ಬಿಟ್ಟು ಸ್ಥಳದಲ್ಲೇ ಕಟ್ಟುವ ಆಶುಮಾತಿಗೆ ನಮ್ಮಲ್ಲೇ ಯಕ್ಷಗಾನದ ತಾಳಮದ್ದಳೆ ಇದೆ, ಅಲ್ವಾ? ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ಪಾತ್ರವಾಗಿ ಮಾತಾಡುವ ಅರ್ಥಧಾರಿ ಕೂತಲ್ಲೇ ಅದಕ್ಕೆ ಮಾತು ಕಟ್ಟಬೇಕು. ಎದುರಿನವರು ಏನು ಕೇಳುತ್ತಾರೋ ಗೊತ್ತಿಲ್ಲ, ಬರೆದಿಟ್ಟುಕೊಂಡು ಹೋದರೆ ನಡೆಯಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು ಹೆಸರು ಮಾಡಿದ್ದು ಇದರಲ್ಲೇ. ಅವರಿಗೆ ಪ್ರತಿಭೆ ಇತ್ತು, ನಿಜ. ಆದರೆ ಪುರಾಣ ಓದಿದ್ದು, ಹಿರಿಯರ ಪಕ್ಕ ಕೂತು ಕೇಳಿದ್ದು, ಮತ್ತೆ ಮತ್ತೆ ಮಾತಾಡಿದ್ದು ಅದಕ್ಕಿಂತ ಜಾಸ್ತಿ. ಭಾಷಣ ಅಭ್ಯಾಸಕ್ಕೆಂದು 1924ರಲ್ಲಿ ಅಮೆರಿಕದಲ್ಲಿ ಶುರುವಾದ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲೂ ಸ್ಥಳದಲ್ಲೇ ವಿಷಯ ಕೊಟ್ಟು ಒಂದೆರಡು ನಿಮಿಷ ಮಾತಾಡಿಸುತ್ತಾರೆ. ಕಂಪನಿಯವರು ದುಡ್ಡು ಕೊಟ್ಟು ಅಲ್ಲಿಗೆ ಹೋಗುತ್ತಾರೆ.

ಸಂಘಗಳಲ್ಲಿ ನನ್ನ ವಿನಂತಿ ಇಷ್ಟೇ. ವರ್ಷಕ್ಕೊಂದು ಸ್ಪರ್ಧೆ ಸಾಲದು. ಭಾನುವಾರ ಬೆಳಗ್ಗೆ ಹಾಲ್ ಖಾಲಿ ಇದ್ದಾಗ ಮಕ್ಕಳನ್ನು ಕೂರಿಸಿ, ಬಹುಮಾನ ಬೇಡ, ಚೀಟಿ ಎತ್ತಿಸಿ. 'ನಮ್ಮ ಬಿಲ್ಡಿಂಗಿನ ನೀರು', 'ಜೂನ್ ಮಳೆ', 'ಊರಿನ ಅಜ್ಜಿ', ಏನಾದರೂ ಆಗಲಿ. ಎರಡು ನಿಮಿಷ, ಮಗುವಿನದೇ ಕನ್ನಡ. ತುಳು, ಮರಾಠಿ ಪದ ಬಂದರೆ ಬರಲಿ, ನಡುವೆ ತಿದ್ದಬೇಡಿ. ಅಪ್ಪ ಅಮ್ಮ ಹೊರಗೆ ಕೂತು ಚಹಾ ಕುಡಿಯಲಿ.

ನಮ್ಮ ಡೊಂಬಿವಲಿ ಕಡೆ ಯಾವ ಸಂಘ ಶುರು ಮಾಡಿದರೂ ಕುರ್ಚಿ ಹಾಕುವುದರಿಂದ ಹಿಡಿದು ಸಮಯ ನೋಡುವವರೆಗೆ ಎಲ್ಲಕ್ಕೂ ನಾನು ಬರುತ್ತೇನೆ.

– ಓದುಗ, ಡೊಂಬಿವಲಿ