ಯಂತ್ರ ಕೊಳ್ಳುವ ಮೊದಲು ಕಳೆ ಕೀಳುವವರನ್ನು ಕೇಳಿ

ಮಾನ್ಯ ಸಂಪಾದಕರೇ,

ರಿಯಾಯಿತಿ ದರದಲ್ಲಿ ಕೊಡಲು ತರಿಸಿದ್ದ ಭತ್ತದ ಕಳೆ ಯಂತ್ರಗಳು ಗೋದಾಮಿನಲ್ಲಿ ತುಕ್ಕು ಹಿಡಿಯುತ್ತಿವೆ ಎಂಬ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ರೈತರು ಆಸಕ್ತಿ ತೋರಿಸುತ್ತಿಲ್ಲ ಎಂಬ ಸಮಜಾಯಿಷಿಯೂ ಅದರಲ್ಲಿತ್ತು. ಈ ಮಾತನ್ನು ಒಪ್ಪಲು ನನ್ನಿಂದ ಆಗುತ್ತಿಲ್ಲ. ಶಿವಮೊಗ್ಗದಲ್ಲಿ ಚಿಕ್ಕ ವರ್ಕ್‌ಶಾಪ್ ಇಟ್ಟುಕೊಂಡು ಗದ್ದೆ ಕೆಲಸದ ಕೈ ಸಲಕರಣೆ ಮಾಡುವವನು ನಾನು. ಕೆಲಸಕ್ಕೆ ಬರುವ ಸಲಕರಣೆಯನ್ನು ಯಾರೂ ಬೇಡ ಅನ್ನುವುದಿಲ್ಲ. ಕಳೆ ತೆಗೆಯಲು ಆಳು ಸಿಗದ ಈ ಕಾಲದಲ್ಲಂತೂ ಇಲ್ಲವೇ ಇಲ್ಲ.

ಯಂತ್ರದ ಬಗ್ಗೆ ಎರಡು ಮಾತು. ಕಡಿಮೆ ನೀರಲ್ಲಿ ಭತ್ತ ಬೆಳೆಯುವ ಶ್ರೀ (ಎಸ್‌ಆರ್‌ಐ) ಪದ್ಧತಿಯಲ್ಲಿ 8ರಿಂದ 12 ದಿನದ ಎಳೆ ಸಸಿಯನ್ನು 25 ಸೆಂಟಿಮೀಟರ್ ಅಂತರದಲ್ಲಿ ಒಂದೊಂದೇ ನೆಡುತ್ತಾರೆ. ಗದ್ದೆಯಲ್ಲಿ ನೀರು ನಿಲ್ಲಿಸುವುದಿಲ್ಲ. ನೀರು ನಿಲ್ಲದಿದ್ದರೆ ಕಳೆ ಜಾಸ್ತಿ ಬಂದೇ ಬರುತ್ತದೆ. ಅದನ್ನು ಕೆಸರಿಗೆ ತುಳಿದು, ಬೇರಿಗೆ ಗಾಳಿ ಆಡುವಂತೆ ಮಾಡುವುದು ಕೋನೋವೀಡರ್. ಇದು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡದ್ದು. ಮುಂದೆ ಕೆಸರಿನ ಮೇಲೆ ಜಾರುವ ತಗಡು, ಅದರ ಹಿಂದೆ ಹಲ್ಲಿರುವ ಎರಡು ಕೋನ್, ಮೇಲಕ್ಕೆ ಉದ್ದ ಪೈಪಿನ ಹಿಡಿ. ಸಾಲಿನ ನಡುವೆ ಹಿಂದೆ ಮುಂದೆ ತಳ್ಳಬೇಕು. ನೋಡಲು ಬಹಳ ಸರಳ.

ಆದರೆ ಇದನ್ನು ತಳ್ಳುವವರು ಯಾರು? ನಮ್ಮ ಕಡೆ ಕಳೆ ಕೀಳುವುದು ಹೆಂಗಸರ ಕೆಲಸ. ಖರೀದಿ ಯೋಜನೆ ಹಾಕುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು. ನಾನು ನೋಡಿದ ಮಟ್ಟಿಗೆ ಮೊದಲು ಬರುವುದು ಎಷ್ಟು ಯಂತ್ರ, ಎಷ್ಟು ರೇಟು ಎಂಬ ಲೆಕ್ಕ. ಯಾರ ಕೈಗೆ, ಎಂಥ ಮಣ್ಣಿಗೆ, ಒಂದೇ ಸಮನೆ ಎಷ್ಟು ಹೊತ್ತು ಎಂದು ಕೇಳುವವರೇ ಇರುವುದಿಲ್ಲ.

ನಮ್ಮ ವೀಡರ್ ರೂಪಿಸುವಾಗ ನಾವು ಮೊದಲ ಸ್ಯಾಂಪಲ್ ಹಿಡಿದು ಹೋದದ್ದು ಭದ್ರಾ ನಾಲೆಯ ಕೊನೆ ಭಾಗದ ಗದ್ದೆಗಳಿಗೆ. ದಿನಾ ಕಳೆಗೆ ಹೋಗುವ ಹೆಂಗಸರ ಕೈಗೆ ಕೊಟ್ಟು ಬದುವಿನ ಮೇಲೆ ನಿಂತೆವು. ಹೇಗಿದೆ ಅಂತ ಕೇಳಿದರೆ ಎಲ್ಲರೂ "ಚೆನ್ನಾಗಿದೆ ಅಣ್ಣಾ" ಅಂದೇ ಅನ್ನುತ್ತಾರೆ. ಎದುರಿಗೆ ನಿಂತವರ ಮನಸ್ಸು ನೋಯಿಸಲು ಯಾರಿಗೂ ಇಷ್ಟ ಇರುವುದಿಲ್ಲ. ಅದಕ್ಕೇ ಕೇಳುವುದನ್ನು ಬಿಟ್ಟು ನೋಡುತ್ತಾ ನಿಂತೆವು. ಸ್ವಲ್ಪ ಹೊತ್ತಿಗೆ ಒಬ್ಬರು ಅಡ್ಡ ಹಿಡಿಯನ್ನು ಬಿಟ್ಟು ಕೆಳಗಿನ ಪೈಪನ್ನೇ ಹಿಡಿದು ತಳ್ಳತೊಡಗಿದರು. ಹಿಡಿ ಅವರ ಮೊಣಕೈಗಿಂತ ಮೇಲಿತ್ತು, ಭುಜ ಸೋಲುತ್ತಿತ್ತು. ಇನ್ನೊಬ್ಬರ ಬಳೆ ಹಿಡಿಯ ತುದಿಗೆ ಸಿಕ್ಕಿಕೊಳ್ಳುತ್ತಿತ್ತು. ಮೇಲೆದ್ದ ನಟ್ಟಿಗೆ ಸೀರೆ ತಾಗುತ್ತಿತ್ತು. ಕೋನ್ ಮತ್ತು ಚೌಕಟ್ಟಿನ ನಡುವೆ ಎರೆ ಮಣ್ಣು ಮೆತ್ತಿಕೊಂಡು, ಸಾಲು ಮುಗಿಯುವಷ್ಟರಲ್ಲಿ ಯಂತ್ರ ಎತ್ತಲಾರದಷ್ಟು ಭಾರ ಆಗುತ್ತಿತ್ತು. ಬದುವಿನ ಹತ್ತಿರ ಬಂದಾಗ ಆ ಗುಂಪಿನ ಹಿರಿಯ ಹೆಂಗಸೊಬ್ಬರು ಕೇಳಿಯೇ ಬಿಟ್ಟರು: "ಅಲ್ಲಣ್ಣಾ, ತಳ್ಳೋಕೆ ಹಿಡಿ ಇಟ್ಟಿದೀಯ. ಎತ್ಕೊಂಡು ಬದು ದಾಟೋಕೆ ಎಲ್ಲಿ ಹಿಡ್ಕೊಳ್ಳೋದು?"

ಆ ಮಾತಿನಿಂದಲೇ ಪೈಪಿನ ನಡುವೆ, ಯಂತ್ರದ ತೂಕ ಸಮನಾಗಿ ತೂಗುವ ಜಾಗದಲ್ಲಿ, ಒಂದು ಬಳೆಯಾಕಾರದ ಕಂಬಿ ಬಂತು. ಹಿಡಿಯ ಎತ್ತರ ಬದಲಿಸಲು ಪೈಪಿಗೆ ಮೂರು ತೂತು, ಒಂದು ಪಿನ್ ಬಂತು. ಚೌಕಟ್ಟಿನ ಸಂದು ಅಗಲವಾಯಿತು. ನಟ್ಟುಗಳು ಒಳಮುಖ ಆದವು. ಕಾಗದದ ಮೇಲಿನ ಡ್ರಾಯಿಂಗ್ ನೋಡುತ್ತಾ ಕೂತಿದ್ದರೆ ಇದ್ಯಾವುದೂ ಹೊಳೆಯುತ್ತಿರಲಿಲ್ಲ.

ಅಳತೆಗೆ ಆಧಾರ ಇಲ್ಲ ಅನ್ನುವಂತಿಲ್ಲ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆಯವರು ಹಲವು ರಾಜ್ಯಗಳ ಕೃಷಿ ಕಾರ್ಮಿಕರ ದೇಹದ 79 ಅಳತೆಗಳನ್ನು, ಜೊತೆಗೆ ತಳ್ಳುವ, ಎಳೆಯುವ ಬಲವನ್ನೂ ದಾಖಲಿಸಿ ಪ್ರಕಟಿಸಿದ್ದಾರೆ. ಗಂಡಸರದು ಬೇರೆ, ಹೆಂಗಸರದು ಬೇರೆ. ಸರಾಸರಿ ಎತ್ತರದಲ್ಲೇ 10 ಸೆಂಟಿಮೀಟರ್‌ಗೂ ಜಾಸ್ತಿ ವ್ಯತ್ಯಾಸ ಇದೆ. ಇಷ್ಟು ಕಷ್ಟಪಟ್ಟು ಕೂಡಿಸಿದ ಮಾಹಿತಿ ಟೆಂಡರ್ ಕಾಗದದಲ್ಲಿ ಒಂದು ಸಾಲಾಗಿಯೂ ಕಾಣುವುದಿಲ್ಲ ಅಂದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಬಳಸುವವರನ್ನು ನೋಡಿ ರೂಪಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಜೈಪುರ ಕಾಲು ಇದೆಯಲ್ಲ. ಆಗಿನ ಕೃತಕ ಕಾಲಿಗೆ ಬೂಟು ಬೇಕಿತ್ತು. ಅದನ್ನು ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ, ಚಕ್ಕಳಮಕ್ಕಳ ಹಾಕಲು ಆಗುತ್ತಿರಲಿಲ್ಲ, ಕೆಸರುಗದ್ದೆಗೆ ಇಳಿಯಲೂ ಆಗುತ್ತಿರಲಿಲ್ಲ. ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ 1960ರ ದಶಕದ ಕೊನೆಯಲ್ಲಿ ರಬ್ಬರಿನ ಪಾದ ಮಾಡಿದ್ದು ಈ ತೊಂದರೆಗಳನ್ನೇ ಮುಂದಿಟ್ಟುಕೊಂಡು. ಒಬ್ಬರು ಕೈಕೆಲಸ ಬಲ್ಲವರು, ಇನ್ನೊಬ್ಬರು ರೋಗಿಯನ್ನು ಬಲ್ಲವರು. ಇಬ್ಬರೂ ಒಟ್ಟಿಗೆ ಕೂತಿದ್ದರು.

ಇನ್ನು ಎಲ್ಲರೂ ಮರೆಯುವ ಘಟ್ಟ. ಗದ್ದೆಯಲ್ಲಿ ಗೆದ್ದ ಸ್ಯಾಂಪಲ್ಲು ವರ್ಕ್‌ಶಾಪಿನಿಂದ ನೂರಾರು ಸಂಖ್ಯೆಯಲ್ಲಿ ಹೊರಬರುವಾಗ ಬೇರೆಯೇ ಯಂತ್ರವಾಗಿ ಬಿಟ್ಟಿರುತ್ತದೆ. ಡ್ರಾಯಿಂಗ್‌ನಲ್ಲಿ ಹೇಳಿದ ಗೇಜಿನ ಪೈಪು ಅಂಗಡಿಯಲ್ಲಿ ಸಿಗಲಿಲ್ಲ ಅಂತ ದಪ್ಪದ್ದು ಹಾಕುತ್ತಾರೆ, ತೂಕ ಏರುತ್ತದೆ. ದುಡ್ಡು ಉಳಿಸಲು ತೆಳ್ಳಗಿನದು ಹಾಕಿದರೆ ಮೊದಲ ಗದ್ದೆಯಲ್ಲೇ ಬಗ್ಗುತ್ತದೆ. ನಮ್ಮ ಯಂತ್ರದಲ್ಲಿ ಎರಡು ಕೋನ್‌ಗಳು ಎದುರುಬದುರು ದಿಕ್ಕಿಗೆ ಇರಬೇಕು. ಒಂದರ ಸಣ್ಣ ತುದಿ ಎಡಕ್ಕಿದ್ದರೆ ಇನ್ನೊಂದರದು ಬಲಕ್ಕೆ. ಎರಡೂ ಒಂದೇ ಕಡೆಗೆ ಕೂತರೆ ಯಂತ್ರ ಪಕ್ಕಕ್ಕೆ ಎಳೆದು ಸಸಿ ತುಳಿಯುತ್ತದೆ. ಕೆಲಸದ ಒತ್ತಡದಲ್ಲಿ ಜೋಡಿಸುವ ಹುಡುಗನಿಗೆ ಇದು ಕಣ್ಣಿಗೆ ಬೀಳುವುದಿಲ್ಲ. ಗೋಡೆಗೆ ಸೂಚನೆ ಅಂಟಿಸಿದರೆ ಸಾಲದು. ಅದಕ್ಕೆ ಕೋನ್ ತಿರುಗುವ ಅಚ್ಚುಗಳ (ಆಕ್ಸಲ್) ಎರಡು ತುದಿಗಳನ್ನು ಬೇರೆ ಬೇರೆ ದಪ್ಪಕ್ಕೆ ತಿರುವಿ, ಚೌಕಟ್ಟಿನ ತೂತುಗಳನ್ನೂ ಹಾಗೇ ಕೊರೆದೆವು. ಈಗ ತಪ್ಪಾಗಿ ಕೂರಿಸಲು ಹೋದರೆ ಅದು ಒಳಗೆ ಹೋಗುವುದೇ ಇಲ್ಲ. ಹುಡುಗರ ಕೆಲಸವೂ ಬೇಗ ಆಗುತ್ತದೆ.

ಇಂಥದ್ದನ್ನೆಲ್ಲ ನೋಡಿಕೊಳ್ಳಲು ಯೋಜನೆಯಿಂದ ಕೊನೆಯ ಲಾಟ್‌ವರೆಗೆ ಒಬ್ಬರೇ ಹೊಣೆ ಹೊತ್ತಿರಬೇಕು. ರೂಪಿಸಿದವರು ಡ್ರಾಯಿಂಗ್ ಕೊಟ್ಟು ಕೈ ತೊಳೆದುಕೊಂಡರೆ, ಆ ಮೂರು ತೂತು ಯಾಕಿದೆ ಅಂತ ಮುಂದಿನವರಿಗೆ ಗೊತ್ತಿರುವುದಿಲ್ಲ. ಒಂದು ಖರೀದಿ ಕಚೇರಿಯಲ್ಲಿ ನನಗೆ ಹೀಗೇ ಆಯಿತು. "ಎತ್ತರ ಬದಲಿಸೋದೆಲ್ಲ ಯಾಕ್ರೀ? ಒಂದೇ ಅಳತೆ ಮಾಡಿ, ರೇಟು ಇಳಿಸಿ" ಅಂದರು. ಗದ್ದೆಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಕೊನೆಗೆ ಆರ್ಡರ್ ಹೋದದ್ದು ಕಡಿಮೆ ರೇಟಿನವರಿಗೆ. ಅವರನ್ನು ದೂರುವುದಿಲ್ಲ, ಟೆಂಡರ್ ಕೇಳಿದ್ದನ್ನೇ ಅವರು ಕೊಟ್ಟರು. ಟೆಂಡರ್ ಕೇಳಿದ್ದೇ ಕಡಿಮೆ.

ಕೃಷಿ ಇಲಾಖೆಯವರಲ್ಲಿ ನನ್ನ ಮನವಿ ಇಷ್ಟು. ಆರ್ಡರ್ ಕೊಡುವ ಮೊದಲು ಸ್ಯಾಂಪಲ್ಲುಗಳನ್ನು ರೈತ ಸಂಪರ್ಕ ಕೇಂದ್ರದ ವ್ಯಾಪ್ತಿಯ ಎರಡು ಮೂರು ಬಗೆಯ ಮಣ್ಣಿನಲ್ಲಿ, ಕೂಲಿಗೆ ಹೋಗುವ ಹೆಂಗಸರಿಂದ ಇಡೀ ದಿನ ಓಡಿಸಿ ನೋಡಿ. ಅರ್ಧ ಗಂಟೆಯ ಪ್ರಾತ್ಯಕ್ಷಿಕೆಯಲ್ಲಿ ಎಲ್ಲ ಯಂತ್ರವೂ ಚೆನ್ನಾಗಿಯೇ ಕಾಣುತ್ತದೆ. ಆ ದಿನದ ಕೂಲಿಯನ್ನು ಅವರಿಗೆ ಕೊಡಿ. ಸುಮ್ನೆ ಕರೆಸಿ ಕಳಿಸಬೇಡಿ. ಅವರು ಹೇಳಿದ ಬದಲಾವಣೆ ಟೆಂಡರಿನ ಅಳತೆಯಲ್ಲೇ ಸೇರಲಿ. ಒಪ್ಪಿಗೆಯಾದ ಸ್ಯಾಂಪಲ್ಲಿಗೆ ಮೊಹರು ಹಾಕಿ ಕಚೇರಿಯಲ್ಲಿಟ್ಟುಕೊಂಡು, ಪ್ರತಿ ಲಾಟಿನಿಂದಲೂ ಕೆಲವನ್ನು ಎತ್ತಿ ಅದರ ಪಕ್ಕ ಇಟ್ಟು ತೂಗಿ, ಅಳೆದು ನೋಡಿ. ಕೊಂಡ ಮೇಲೆ ಬುಷ್, ಪಿನ್‌ನಂಥ ಸಣ್ಣ ಬಿಡಿಭಾಗ ಹೋದರೆ ತಾಲೂಕಿನಲ್ಲೇ ಸಿಗಬೇಕು ಎಂಬ ಷರತ್ತೂ ಇರಲಿ. ಸಣ್ಣ ಪಿನ್ನೊಂದು ಕಳೆದದ್ದಕ್ಕೆ ಇಡೀ ಯಂತ್ರ ಕೊಟ್ಟಿಗೆಯ ಮೂಲೆ ಸೇರಿದ್ದನ್ನು ನಾನು ಬಹಳ ಕಡೆ ನೋಡಿದ್ದೇನೆ.

ಗೋದಾಮಿನಲ್ಲಿರುವ ಯಂತ್ರಗಳನ್ನು ಗುಜರಿಗೆ ಹಾಕುವ ಅಗತ್ಯವೂ ಇಲ್ಲ. ಹಿಡಿಯ ಪೈಪು ಕತ್ತರಿಸಿ ಎತ್ತರ ಬದಲಿಸುವ ತೂತು ಕೊರೆಯುವುದು, ಎತ್ತುವ ಕಂಬಿ ಬೆಸೆಯುವುದು ಯಾವ ಊರಿನ ವೆಲ್ಡಿಂಗ್ ಶಾಪಿನಲ್ಲೂ ಆಗುವ ಕೆಲಸ. ನಾಟಿ ಶುರುವಾಗುವ ಮೊದಲು ಮಾಡಿಸಿದರೆ ಈ ಹಂಗಾಮಿಗೇ ಗದ್ದೆಗೆ ಇಳಿಯುತ್ತವೆ. ನಮ್ಮ ಅಳತೆ, ಜಿಗ್ (ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟು) ಬೇಕೆನ್ನುವ ತಯಾರಕರು ಯಾರೇ ಬಂದರೂ ತೋರಿಸುತ್ತೇನೆ, ಅದಕ್ಕೆ ದುಡ್ಡೇನೂ ಬೇಡ.

ಇಂತಿ ತಮ್ಮ ವಿಶ್ವಾಸಿ,
ಕೃಷಿ ಸಲಕರಣೆ ತಯಾರಕ, ಶಿವಮೊಗ್ಗ