ಮಕ್ಕಳ ವಸ್ತುಗಳಲ್ಲಿ ವಿಷ: ಪರೀಕ್ಷೆ ಮಾರಾಟಕ್ಕೆ ಮೊದಲೇ ಆಗಲಿ

ಮಾನ್ಯರೇ,

ಹಲ್ಲು ಮೂಡುವ ವಯಸ್ಸಿನ ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು ಚೀಪುತ್ತದೆ. ನೆಲದ ಮೇಲೆ ಅಂಬೆಗಾಲಿಟ್ಟು, ಧೂಳು ಮೆತ್ತಿದ ಅದೇ ಬೆರಳುಗಳನ್ನು ಚಪ್ಪರಿಸುತ್ತದೆ. ಆಟಿಕೆಗೆ ಬಳಿದ ಅಥವಾ ಗೋಡೆಯಿಂದ ಚಕ್ಕೆಯೆದ್ದ ಬಣ್ಣದಲ್ಲಿ ಸೀಸವಿದ್ದರೆ ಅದು ನೇರವಾಗಿ ಹೊಟ್ಟೆ ಸೇರುತ್ತದೆ. ಹೀಗೆ ಸೇರಿದ ಸೀಸವನ್ನು ಮಕ್ಕಳ ದೇಹ ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಬೆಳೆಯುತ್ತಿರುವ ಮಿದುಳಿಗೆ ಅದರಿಂದಾಗುವ ಹಾನಿ ಶಾಶ್ವತವಾಗಿ ಉಳಿಯಬಹುದು. ಇಷ್ಟಾದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲ.

ಪ್ಲಾಸ್ಟಿಕ್ ವಸ್ತುಗಳದ್ದು ಬೇರೆಯೇ ತೊಡಕು. ಹಾಲೂಡಿಸುವ ಬಾಟಲಿಗಳಲ್ಲಿ, ಗಟ್ಟಿ ಪ್ಲಾಸ್ಟಿಕ್ ತಯಾರಿಕೆಗೆ ಬೇಕಾಗುವ ಬಿಸ್ಫಿನಾಲ್-ಎ (ಬಿಪಿಎ) ಎಂಬ ರಾಸಾಯನಿಕದ ಬಳಕೆಯನ್ನು ಐರೋಪ್ಯ ಒಕ್ಕೂಟ 2011ರಲ್ಲೇ ನಿಷೇಧಿಸಿತು. ಆದರೆ ‘ಬಿಪಿಎ ರಹಿತ’ ಎಂಬ ಚೀಟಿ ಹೊತ್ತ ಕೆಲವು ವಸ್ತುಗಳಲ್ಲಿ ಅದೇ ಗುಂಪಿಗೆ ಸೇರಿದ ಬಿಸ್ಫಿನಾಲ್-ಎಸ್ ಇರುತ್ತದೆ ಎಂಬುದು ಕಳವಳದ ಸಂಗತಿ. ಪೋಷಕರೆಲ್ಲ ರಸಾಯನಶಾಸ್ತ್ರ ಕಲಿತೇ ಆಟಿಕೆ ಕೊಳ್ಳಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆದ್ದರಿಂದ, ಒಂದೊಂದೇ ರಾಸಾಯನಿಕವನ್ನು ಹೆಸರಿಸಿ ನಿಷೇಧಿಸುವ ಬದಲು ಇಡೀ ಗುಂಪನ್ನೇ ಮಕ್ಕಳ ವಸ್ತುಗಳಿಂದ ಹೊರಗಿಡಬೇಕು. ಬಳಸಿದ ಪದಾರ್ಥಗಳ ವಿವರವನ್ನು ಪೊಟ್ಟಣದ ಮೇಲೆ ಮುದ್ರಿಸುವುದನ್ನೂ, ಮಾರಾಟಕ್ಕೆ ಮೊದಲೇ ಸ್ವತಂತ್ರ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದನ್ನೂ ತಯಾರಕರಿಗೆ ಕಡ್ಡಾಯಗೊಳಿಸಬೇಕು.