ಒಪ್ಪಿಗೆ ಬೇರೆ, ಒಪ್ಪಂದ ಬೇರೆ, ಕರಾರು ಬೇರೆ

ಮಾನ್ಯ ಸಂಪಾದಕರೇ,

ಹೂಡಿಕೆ, ಜಮೀನು ವ್ಯವಹಾರದ ವರದಿಗಳಲ್ಲಿ ಒಪ್ಪಿಗೆ, ಒಪ್ಪಂದ, ಒಡಂಬಡಿಕೆ, ಕರಾರು ಎಂಬ ಪದಗಳು ಕಲಸುಮೇಲೋಗರ ಆಗುತ್ತಿವೆ. ಆಡುಮಾತಿಗೆ ಅದು ನಡೆದೀತು, ಸುದ್ದಿಗೆ ನಡೆಯದು.

ಒಪ್ಪಿಗೆಯನ್ನು ಒಬ್ಬರೇ ಕೊಡಬಹುದು. ಯೋಜನೆಗೆ ಸಚಿವ ಸಂಪುಟ ಕೊಡುವುದು ಒಪ್ಪಿಗೆ. ಒಪ್ಪಂದಕ್ಕೆ ಇಬ್ಬರಾದರೂ ಬೇಕು. ಕಾವೇರಿ ನೀರಿಗಾಗಿ ಮೈಸೂರು ಮತ್ತು ಮದ್ರಾಸ್ 1924ರಲ್ಲಿ ಮಾಡಿಕೊಂಡದ್ದು ಒಪ್ಪಂದ. ವಿಭಕ್ತಿಯ ಕಡೆಗೂ ಗಮನ ಬೇಕು. ‘ವಿಚಾರಣೆಗೆ ಒಪ್ಪಿದರು’ ಎಂದರೆ ಸಮ್ಮತಿಸಿದರು, ‘ಆರೋಪವನ್ನು ಒಪ್ಪಿಕೊಂಡರು’ ಎಂದರೆ ತಪ್ಪೊಪ್ಪಿಗೆ. ತಲೆಬರಹ ಮೊಟಕುಗೊಳಿಸುವಾಗ ಈ ಎರಡು ಅದಲುಬದಲಾದರೆ ಒಬ್ಬರ ಮಾನವೇ ಹೋಗುತ್ತದೆ.

ಇನ್ನು ಕರಾರು. 1872ರ ಭಾರತೀಯ ಕರಾರು ಕಾಯ್ದೆಯ 2ನೇ ಕಲಂ ಪ್ರಕಾರ, ಕಾನೂನಿನ ಮೂಲಕ ಜಾರಿ ಮಾಡಿಸಬಹುದಾದ ಒಪ್ಪಂದ ಮಾತ್ರ ಕರಾರು. ಅದಕ್ಕೆ ಇಬ್ಬರೂ ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ, ಬಲವಂತವಿಲ್ಲದೆ ಒಪ್ಪಿರಬೇಕು. ಕರಾರು ಮಾಡುವ ಅರ್ಹತೆ ಇರಬೇಕು. ಪ್ರತಿಫಲವೂ ಉದ್ದೇಶವೂ ಕಾನೂನುಬದ್ಧವಾಗಿರಬೇಕು. ಬೆದರಿಸಿ ಸಹಿ ಹಾಕಿಸಿಕೊಂಡಿದ್ದರೆ, ಬೆದರಿಕೆಗೆ ಒಳಗಾದವರು ಅದನ್ನು ರದ್ದುಪಡಿಸಬಹುದು. ‘ಮುಂದೆ ನೋಡಿ ಬೆಲೆ ಕೊಡುವುದು’ ಎಂದಷ್ಟೇ ಬರೆದು, ಆ ಬೆಲೆ ಗೊತ್ತುಮಾಡುವ ದಾರಿ ಎಲ್ಲೂ ಇಲ್ಲದಿದ್ದರೆ, ಅರ್ಥ ಅನಿಶ್ಚಿತವೆಂದು 29ನೇ ಕಲಂ ಅಡಿ ಅದು ಬಿದ್ದುಹೋಗಬಹುದು.

ಹೆಚ್ಚು ಜನ ಎಡವುವುದು ಕ್ರಯದ ಕರಾರಿನಲ್ಲಿ. ಮುಂಗಡ ಕೊಟ್ಟು ಕರಾರು ಪತ್ರ ಬರೆಸಿಕೊಂಡ ಮಾತ್ರಕ್ಕೆ ನಿವೇಶನ ಕೊಂಡವರದಾಗುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಹಕ್ಕು ಬದಲಾಗುವುದು ನೋಂದಣಿಯಾದ ಕ್ರಯಪತ್ರದಿಂದ. ಹೀಗಿರುವಾಗ ಬರೀ ಕರಾರಾಗಿರುವ ಜಮೀನನ್ನು ‘ಖರೀದಿಸಿದರು’ ಎಂದು ವರದಿ ಮಾಡುವುದು ತಪ್ಪು ಮಾಹಿತಿ.

ಸರ್ಕಾರ ಹೂಡಿಕೆದಾರರೊಂದಿಗೆ ಮಾಡಿಕೊಳ್ಳುವ ಒಡಂಬಡಿಕೆಗಳಲ್ಲಿ (ಎಂಒಯು) ಸಾಮಾನ್ಯವಾಗಿ ಇರುವುದು ಇರಾದೆಯಷ್ಟೆ. ಕೆಲವದರಲ್ಲಿ ಬದ್ಧಗೊಳಿಸುವ ಷರತ್ತುಗಳೂ ಇರುತ್ತವೆ. ಪತ್ರದ ಹೆಸರು ನೋಡಿ ತೀರ್ಮಾನಿಸಲಾಗದು, ಒಳಗಿನ ಷರತ್ತು ಓದಲೇಬೇಕು. ಆದ್ದರಿಂದ ‘ಇಷ್ಟು ಕೋಟಿ ಹೂಡಿಕೆಗೆ ಒಪ್ಪಂದ’ ಎಂದು ಬರೆಯುವ ಮುನ್ನ ಮೂರು ವಿಷಯ ವಿಚಾರಿಸಿ: ಮೊತ್ತಕ್ಕೆ ಕಂಪನಿ ಬದ್ಧವೇ, ಗಡುವು ಇದೆಯೇ, ತಪ್ಪಿದರೆ ಪರಿಹಾರವೇನು? ಮೂರಕ್ಕೂ ಉತ್ತರ ಇಲ್ಲದಿದ್ದರೆ ‘ಹೂಡಿಕೆಯ ಇರಾದೆ’ ಎಂದೇ ಅಚ್ಚುಹಾಕಿ.